ನಾಲ್ಕು ಊರು, ಐದು ಚಿತ್ರ

ಇತ್ತೀಚೆಗೆ ನೋಡಿದ ಸಿನಿಮಾಗಳನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಚಿತ್ರ ವಿಮರ್ಶಕನಲ್ಲ. 34 ವರ್ಷ ಹೊಳೆನರಸೀಪುರದ ಸುತ್ತಮುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ವರ್ಷಕ್ಕೆ ನಾಲ್ಕೋ ಐದೋ ಚಿತ್ರ ನೋಡಿದರೆ ಹೆಚ್ಚು. ಕ್ಯಾಮೆರಾ ಎಲ್ಲಿಟ್ಟರು, ಸಂಕಲನ ಹೇಗಿದೆ ಎಂಬುದೆಲ್ಲ ನನ್ನ ಅಳವಿಗೆ ಮೀರಿದ್ದು. ಆದರೂ ಒಪ್ಪಿಕೊಂಡೆ. ಏಕೆಂದರೆ ಚಿತ್ರಮಂದಿರದ ಕುರ್ಚಿಗಳನ್ನು ತುಂಬುವವರು ವಿಮರ್ಶಕರಲ್ಲ, ನನ್ನಂಥವರು. ಅವರಿಗೂ ಅಭಿಪ್ರಾಯವಿರುತ್ತದೆ. ಅದು ಹೇಗೆ ಹುಟ್ಟುತ್ತದೆ, ಅದಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ವಿಚಾರಮಾಡಿ ನೋಡಬಾರದೇಕೆ?

ಅಭಿಪ್ರಾಯಕ್ಕೂ ಕೂತ ಜಾಗಕ್ಕೂ ಸಂಬಂಧವಿದೆ ಎಂಬುದನ್ನು ನಾನು ಕಲಿತದ್ದು ಹೊಳೆಯ ದಂಡೆಯಲ್ಲಿ ಬೇಸಗೆಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ. ಅಲ್ಲಿ ಮೂರು ದರ್ಜೆ: ನೆಲ, ಬೆಂಚು, ಕುರ್ಚಿ. ನೆಲದವರು ಪರದೆಗೆ ತೀರ ಹತ್ತಿರ. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ಕತ್ತು ಮೇಲೆತ್ತಿ ನೋಡಬೇಕು. ನಾಯಕನ ಗಲ್ಲ ಮೊದಲು ಕಾಣುತ್ತದೆ, ಆಮೇಲೆ ಮೂಗು. ಕಣ್ಣು ಕಾಣಬೇಕಾದರೆ ಹಿಂದಕ್ಕೆ ವಾಲಬೇಕು. ಕುರ್ಚಿಯವರಿಗೆ ಇಡೀ ಮುಖ ಒಮ್ಮೆಗೇ ಕಾಣುತ್ತದೆ. ಒಂದೇ ಚಿತ್ರವನ್ನು ನೋಡಿ ಹೊರಬಂದ ಈ ಇಬ್ಬರೂ ಬೇರೆ ಬೇರೆ ಕಥೆ ಹೇಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಡೇರೆಯಲ್ಲಿ ನನಗೆ ಇನ್ನೊಂದು ಆಕರ್ಷಣೆಯಿತ್ತು; ಅದು ರೀಲಿನ ಲೆಕ್ಕ. ಚಿತ್ರ ಆರಂಭವಾಗುವ ಮೊದಲು ಪರದೆಯ ಮೇಲೆ ಸೆನ್ಸಾರ್ ಪ್ರಮಾಣಪತ್ರ ಬರುತ್ತಿತ್ತಷ್ಟೆ? ಅದರಲ್ಲಿ ರೀಲುಗಳ ಸಂಖ್ಯೆ ಇರುತ್ತಿತ್ತು. ಹದಿನಾಲ್ಕು ಎಂದಿದ್ದರೆ ನೆಲದವರು ಶಿಳ್ಳೆ ಹಾಕುತ್ತಿದ್ದರು. ಹನ್ನೆರಡು ಎಂದಿದ್ದರೆ ದುಡ್ಡು ಹೋಯಿತೆಂದು ಗೊಣಗುತ್ತಿದ್ದರು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರಗಳು. ಪ್ರೊಜೆಕ್ಟರು ಒಂದು ಸೆಕೆಂಡಿಗೆ 24 ಚಿತ್ರಗಳನ್ನು ಓಡಿಸುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ, ಸಾವಿರ ಅಡಿಯ ರೀಲಿಗೆ ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಎರಡೂವರೆ ಮೈಲಿಗಿಂತ ಸ್ವಲ್ಪ ಹೆಚ್ಚು. ನಮ್ಮೂರಿಗೆ ಬರುವಷ್ಟರಲ್ಲಿ ಆ ಎರಡೂವರೆ ಮೈಲಿ ಉದ್ದಕ್ಕೂ ಗೀಟು ಬಿದ್ದಿರುತ್ತಿತ್ತು. ಸುಡುಬಿಸಿಲಿನ ದೃಶ್ಯದಲ್ಲೂ ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಈಗ ಆ ಡೇರೆಯೂ ಇಲ್ಲ, ಬಸ್ಸಿನ ಮೇಲೆ ಬರುತ್ತಿದ್ದ ರೀಲಿನ ಡಬ್ಬಿಗಳೂ ಇಲ್ಲ. ಚಿತ್ರಮಂದಿರಗಳಿಗೇ ಚಿತ್ರವು ಅಂಕೆಗಳ ರೂಪದಲ್ಲಿ ಬರುತ್ತದೆ. ಮನೆಯಲ್ಲಂತೂ ಮೊಬೈಲನ್ನು ಟಿವಿಗೆ ಜೋಡಿಸಿದರೆ ಸಾಕು, ಐವತ್ತು ವರ್ಷ ಹಿಂದಿನ ಚಿತ್ರವೂ ಎದುರಿಗೆ ಬಂದು ನಿಲ್ಲುತ್ತದೆ. ಹೀಗಾಗಿ ಕಳೆದ ಕೆಲವು ತಿಂಗಳಲ್ಲಿ ನಮ್ಮ ಜಿಲ್ಲೆಯ ನಾಲ್ಕು ಊರುಗಳಲ್ಲಿ ಐದು ಚಿತ್ರಗಳನ್ನು ನೋಡಿದೆ. ನಾಲ್ಕಕ್ಕೆ ನಮ್ಮ ಸೀಮೆಯ ಲೇಖಕರ ನಂಟಿದೆ. ಐದನೆಯದು ಕರಾವಳಿಯದು.

ಮೊದಲನೆಯದು ಹೊಳೆನರಸೀಪುರದ ನಮ್ಮ ಮನೆಯಲ್ಲೇ ನೋಡಿದ ‘ಭೂತಯ್ಯನ ಮಗ ಅಯ್ಯು’. 1974ರ ಚಿತ್ರ, ನಿರ್ದೇಶಕರು ಸಿದ್ದಲಿಂಗಯ್ಯನವರು, ಆಧಾರ ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹ. 1904ರಲ್ಲಿ ಹುಟ್ಟಿ 1991ರವರೆಗೆ ಬಾಳಿದ ಗೊರೂರರ ಊರು ನಮಗೆ ಹೊಳೆಯ ಮೇಲುಗಡೆ. ಅಲ್ಲಿ ಹರಿದ ಹೇಮಾವತಿಯ ನೀರೇ ಇಲ್ಲಿಗೆ ಬರುವುದು. ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಸೀಮೆಯ ಕಳಸಾಪುರದಲ್ಲಿ. ಆದರೂ ಆ ಜಗಲಿ, ಆ ಹಟ್ಟಿ, ಆ ಹಟ ಎಲ್ಲವೂ ನಮ್ಮ ಹೊಳೆಸಾಲಿನದೇ ಎಂದು ನಾವು ನಂಬಿದ್ದೆವು.

ಕಥೆ ನಿಮಗೆ ಗೊತ್ತಿರುವುದೇ. ಊರನ್ನೇ ಸಾಲದಲ್ಲಿ ಅದ್ದಿ ಹಿಂಡಿದ ಭೂತಯ್ಯ ಸತ್ತಾಗ ಹೆಣ ಎತ್ತಲು ಊರಿನವರು ಬರುವುದಿಲ್ಲ. ಅವನ ಮಗ ಅಯ್ಯುವಿಗೂ ಗುಳ್ಳನಿಗೂ ಹಗೆ ಬೆಳೆಯುತ್ತದೆ. ಗುಳ್ಳ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ, ಸೋಲುತ್ತಾನೆ. ಕೊನೆಗೆ ಹೊಳೆ ಉಕ್ಕಿ ಬಂದಾಗ ಹಗೆ ಕೊಚ್ಚಿಹೋಗಿ ಮನುಷ್ಯರು ಉಳಿಯುತ್ತಾರೆ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್, ಭೂತಯ್ಯನಾಗಿ ಎಂ. ಪಿ. ಶಂಕರ್. ಲೋಕೇಶರಿಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಉಪ್ಪಿನಕಾಯಿ ಚಪ್ಪರಿಸುವ ಒಂದು ದೃಶ್ಯದಿಂದ ಲೋಕನಾಥರಿಗೆ ‘ಉಪ್ಪಿನಕಾಯಿ’ ಎಂಬ ಅಡ್ಡಹೆಸರೇ ಅಂಟಿತು.

ನನ್ನ ಅಭಿಪ್ರಾಯ ಇಷ್ಟು. ಅಯ್ಯುವನ್ನು ಹುಟ್ಟುಕೇಡಿಗನನ್ನಾಗಿ ಮಾಡದಿರುವುದು ಈ ಚಿತ್ರದ ಹಿರಿಮೆ. ಅಪ್ಪ ಬಿಟ್ಟುಹೋದ ಆಸ್ತಿಯ ಜೊತೆಗೆ ಅಪ್ಪನ ಮೇಲಿನ ಸಿಟ್ಟೂ ಮಗನ ಪಾಲಿಗೆ ಬರುತ್ತದೆ ಎಂಬುದನ್ನು ಲೋಕೇಶರ ಮುಖ ಮಾತಿಲ್ಲದೆ ಹೇಳುತ್ತದೆ. ಕೊರತೆಯೆಂದರೆ ಕೊನೆಯ ಪ್ರವಾಹ. ಕಷ್ಟದ ಲೆಕ್ಕ ಕೊಟ್ಟಾಗ ಉತ್ತರಪತ್ರಿಕೆ ಮಳೆಯಲ್ಲಿ ನೆನೆದುಹೋಯಿತು ಎಂದು ಹುಡುಗ ಹೇಳಿದಂತೆ ಅದು. ಊರಿನ ಜಗಳಗಳಿಗೆಲ್ಲ ಹೊಳೆ ಬರುವುದಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲಂತೂ ಹೊಳೆಯೇ ಅಪ್ಪಣೆ ಕೇಳಿ ಹರಿಯತೊಡಗಿತು. ಜಗಳಗಳು ಮಾತ್ರ ಹಾಗೆಯೇ ಇವೆ.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಈ ಚಿತ್ರ ನಮ್ಮ ಡೇರೆಗೆ ಬಂದಾಗ ಅಪ್ಪ ನಮ್ಮನ್ನೆಲ್ಲ ಗಾಡಿ ಕಟ್ಟಿ ಕರೆದುಕೊಂಡು ಹೋಗಿದ್ದರು. ಆಗ ಅಪ್ಪನಿಗೂ ಪಕ್ಕದ ಹೊಲದವರಿಗೂ ಒಂದು ಬದುವಿನ ವಿಷಯವಾಗಿ ವ್ಯಾಜ್ಯ ನಡೆಯುತ್ತಿತ್ತು. ಬದುವಿನ ಅಗಲ ಎರಡು ಮೊಳ. ಚಿತ್ರ ಮುಗಿಸಿ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತನಾಡಲಿಲ್ಲ. ರಾಜಿ ಮಾಡಿಕೊಳ್ಳುತ್ತಾರೇನೋ ಎಂದು ನಾನು ಆಸೆಪಟ್ಟೆ. ಮಾರನೆಯ ವಾರ ಅವರು ಎಂದಿನಂತೆ ಕಾಗದದ ಕಟ್ಟು ಕಂಕುಳಲ್ಲಿರಿಸಿಕೊಂಡು ವಕೀಲರಲ್ಲಿಗೆ ಹೊರಟರು. ಏಳು ವರ್ಷ ನಡೆದು ಕೊನೆಗೆ ಅಪ್ಪನೇ ಗೆದ್ದರು. ಗೆದ್ದ ಖರ್ಚಿಗೆ ಕೆರೆಯ ಕೆಳಗಿನ ಅರ್ಧ ಎಕರೆ ಗದ್ದೆ ಹೋಯಿತು.

ಈಗ ಮತ್ತೆ ಚಿತ್ರ ನೋಡುವಾಗ ನೆನಪಾದದ್ದು ಅಪ್ಪನ ಮೌನವಲ್ಲ, ಅಮ್ಮನ ಮಾತು. ಗಾಡಿಯಲ್ಲಿ ನನ್ನ ತಲೆ ನೇವರಿಸುತ್ತ ಅಮ್ಮ ಅಂದಿದ್ದಳು: “ಕೋರ್ಟಿಗೆ ಹೋಗೋರು ಗಂಡಸರು, ಜಪ್ತಿಗೆ ಬಂದಾಗ ಹೊರಗೆ ಬೀಳೋದು ಹೆಂಗಸರ ಪಾತ್ರೆ.” ಚಿತ್ರವನ್ನು ಕುರಿತು ನಾನು ಕೇಳಿದ ಮೊದಲ ವಿಮರ್ಶೆ ಅದು. ಆಗ ನನಗೆ ಹನ್ನೆರಡು ವರ್ಷ, ಅರ್ಥವಾಗಲಿಲ್ಲ.

ಎರಡನೆಯ ಚಿತ್ರ ನೋಡಿದ್ದು ಅರಕಲಗೂಡಿನಲ್ಲಿ, ಅಕ್ಕನ ಮನೆಯಲ್ಲಿ. ಚಿತ್ರ ‘ಸಂಧ್ಯಾರಾಗ’, 1966ರದು. ಅರಕಲಗೂಡು ನರಸಿಂಗರಾಯ ಕೃಷ್ಣರಾಯರ, ಅಂದರೆ ನಮ್ಮ ಅ.ನ.ಕೃ. ಅವರ ಕಾದಂಬರಿ ಅದು. ಅವರು ಹುಟ್ಟಿದ್ದು ಕೋಲಾರದಲ್ಲಿ. ಆದರೆ ಹೆಸರಿನ ಮೊದಲ ಅಕ್ಷರದಲ್ಲೇ ಅರಕಲಗೂಡನ್ನು ಕೊನೆಯವರೆಗೂ ಹೊತ್ತರು. ಈ ತಾಲ್ಲೂಕಿಗೂ ಸಂಗೀತಕ್ಕೂ ಹಳೆಯ ನಂಟು. ಕಾವೇರಿಯ ದಡದ ರುದ್ರಪಟ್ಟಣ ಇಲ್ಲಿಯದೇ. ಆಕಾಶವಾಣಿಯಲ್ಲೂ ಸೇವೆ ಸಲ್ಲಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು ಅದು. ಇಂದು ಅಲ್ಲಿ ತಂಬೂರಿಯ ಆಕಾರದ ಒಂದು ಮಂದಿರವೇ ಇದೆ.

‘ಸಂಧ್ಯಾರಾಗ’ದ ಲಕ್ಷ್ಮಣ ಸಂಗೀತಕ್ಕಾಗಿ ಮನೆಯನ್ನೂ ಸುಖವನ್ನೂ ತೊರೆದು ನಾದದ ಬೆನ್ನು ಹತ್ತಿದವನು. ಆ ಪಾತ್ರದಲ್ಲಿ ರಾಜಕುಮಾರ್. ಇದರಲ್ಲಿ ಒಂದು ಸ್ವಾರಸ್ಯವಿದೆ. ನಾಟಕ ಕಂಪೆನಿಯಲ್ಲಿ ಬೆಳೆದ ರಾಜಕುಮಾರ್ ಸ್ವತಃ ಹಾಡುಗಾರರು. ಆದರೆ ಈ ಚಿತ್ರದಲ್ಲಿ ಅವರು ತುಟಿ ಆಡಿಸುವುದು ಬೇರೆಯವರ ದನಿಗೆ. ಅವರು ತಮ್ಮ ಪಾತ್ರಗಳಿಗೆ ತಾವೇ ನಿಯಮಿತವಾಗಿ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ‘ಸಂಧ್ಯಾರಾಗ’ಕ್ಕೆ ಸಂಗೀತ ಕೊಟ್ಟ ಜಿ. ಕೆ. ವೆಂಕಟೇಶರು ಹಿಂದೂಸ್ತಾನಿಯ ಭೀಮಸೇನ ಜೋಶಿಯವರನ್ನೂ ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣರನ್ನೂ ಒಂದೇ ಚಿತ್ರದಲ್ಲಿ ಹಾಡಿಸಿದರು. ದಕ್ಷಿಣದವರು ಪೂರ್ವಿ ಕಲ್ಯಾಣಿ ಎನ್ನುವ, ಉತ್ತರದವರು ಪೂರಿಯಾ ಕಲ್ಯಾಣ್ ಎನ್ನುವ ಸಂಜೆಯ ರಾಗಗಳು ಅಕ್ಕಪಕ್ಕದ ಮನೆಯವರಂತೆ. ಕಾದಂಬರಿ ಓದುವಾಗ ರಾಗದ ಹೆಸರು ಮಾತ್ರ ಸಿಗುತ್ತದೆ. ಚಿತ್ರದಲ್ಲಿ ರಾಗವೇ ಕಿವಿಗೆ ಬೀಳುತ್ತದೆ. ಸಿನಿಮಾ ಸಾಹಿತ್ಯಕ್ಕೆ ಮಾಡಬಹುದಾದ ಉಪಕಾರವೆಂದರೆ ಇದು.

ಕೊರತೆಯೂ ಉಂಟು. ಸಂಸಾರದಲ್ಲಿ ಸಂಗೀತವನ್ನು ವಿರೋಧಿಸುವವರನ್ನು ಚಿತ್ರ ಒಂದೇ ಬಣ್ಣದಲ್ಲಿ ಅದ್ದಿ ತೆಗೆದಿದೆ ಎಂದು ನನಗನ್ನಿಸಿತು. ಹತ್ತು ಜನರ ಊಟಕ್ಕೆ ರಾಗಿ ಹೊಂದಿಸಬೇಕಾದವನು ತಂಬೂರಿಯ ಮೇಲೆ ಸಿಡುಕಿದರೆ ಅವನು ಕೇಡಿಗನೇ ಆಗಬೇಕಿಲ್ಲ. ಈ ಮಾತನ್ನು ಅಕ್ಕನಿಗೆ ಹೇಳಿದೆ. ಅಕ್ಕ ಬೇರೆಯದೇ ಯೋಚನೆಯಲ್ಲಿದ್ದಳು. ಮದುವೆಗೆ ಮೊದಲು ಆರು ವರ್ಷ ಅವಳು ಪಾಠ ಹೇಳಿಸಿಕೊಂಡಿದ್ದಳು. ವರ್ಣಗಳನ್ನು ಮುಗಿಸಿ ಕೃತಿಗಳಿಗೆ ಬಂದಿದ್ದಳು. ಮದುವೆಯಾಗಿ ಬಂದ ಮನೆಯಲ್ಲಿ ಯಾರೂ ಹಾಡಬೇಡ ಎನ್ನಲಿಲ್ಲ. ಹಾಡು ಎಂದೂ ಯಾರೂ ಅನ್ನಲಿಲ್ಲ. ಚಿತ್ರ ಮುಗಿದ ಮೇಲೆ ಟಿವಿ ಆರಿಸಿ ಸ್ವಲ್ಪ ಹೊತ್ತು ಅದೇ ರಾಗವನ್ನು ಮೆಲ್ಲಗೆ ಗುನುಗಿದಳು. ಮೇಲಿನ ಷಡ್ಜಕ್ಕೆ ದನಿ ಹೋಗಲಿಲ್ಲ. “ಹಾಡಿಗಾಗಿ ಮನೆ ಬಿಟ್ಟವರ ಕಥೆ ತೆಗೀತಾರೆ. ಮನೆಗಾಗಿ ಹಾಡು ಬಿಟ್ಟವರದ್ದು ಯಾರಾದ್ರೂ ತೆಗೆದಿದ್ದಾರೇನೋ?” ಎಂದಳು. ನಾನು ಉತ್ತರ ಕೊಡಲಿಲ್ಲ. ಅವಳು ಹಾಡು ಬಿಟ್ಟದ್ದನ್ನು ಆವರೆಗೆ ನಾನು ಗಮನಿಸಿಯೇ ಇರಲಿಲ್ಲ.

ಮೂರನೆಯದು ಚನ್ನರಾಯಪಟ್ಟಣ. ಅಲ್ಲಿ ನನ್ನ ಜೊತೆಯಲ್ಲಿ ಓದಿದ ಗೆಳೆಯರೊಬ್ಬರಿದ್ದಾರೆ. ಅದೇ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡಾಗ ಗೆಳೆಯರನ್ನು ಮಾತನಾಡಿಸಿ ಬರಲೆಂದು ಹೋಗಿದ್ದೆ. ಮಾತು ಅವರ ಕಾದಂಬರಿಗಳಿಂದಾದ ಚಿತ್ರಗಳ ಕಡೆ ತಿರುಗಿತು. ಅವು ಒಂದೆರಡಲ್ಲ. ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಸೇರಿ ನಿರ್ದೇಶಿಸಿ 1971ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ‘ವಂಶವೃಕ್ಷ’, ಅವರೇ 1977ರಲ್ಲಿ ಕನ್ನಡದಲ್ಲೂ ‘ಗೋಧೂಳಿ’ ಎಂಬ ಹೆಸರಿನಿಂದ ಹಿಂದಿಯಲ್ಲೂ ತೆಗೆದ ‘ತಬ್ಬಲಿಯು ನೀನಾದೆ ಮಗನೆ’, ಟಿ. ಎನ್. ಸೀತಾರಾಂ ಅವರ ‘ಮತದಾನ’. ಗಿರೀಶ ಕಾಸರವಳ್ಳಿಯವರ ‘ನಾಯಿ ನೆರಳು’. ಚನ್ನರಾಯಪಟ್ಟಣ, ತಿಪಟೂರು ಸೀಮೆಯ ಬದುಕನ್ನೇ ಹೇಳುವ ‘ಗೃಹಭಂಗ’ವನ್ನೂ ಕಾಸರವಳ್ಳಿಯವರು ಕಿರುತೆರೆಗೆ ತಂದರು. ಗೆಳೆಯರ ಬಳಿ ‘ನಾಯಿ ನೆರಳು’ ಇತ್ತು. ಇಬ್ಬರೂ ಕೂತು ನೋಡಿದೆವು.

ಹೊಳೆಯಲ್ಲಿ ಮುಳುಗಿ ಸತ್ತ ಮಗ ದೂರದ ಊರಿನಲ್ಲಿ ಮತ್ತೆ ಹುಟ್ಟಿದ್ದಾನೆಂದು ಒಂದು ಸಂಸಾರಕ್ಕೆ ಸುದ್ದಿ ಬರುತ್ತದೆ. ಆ ಹುಡುಗನನ್ನು ಕರೆತರುತ್ತಾರೆ. ತಾಯಿಗೆ ಅವನು ಮಗ. ಹಾಗಾದರೆ ಇಪ್ಪತ್ತು ವರ್ಷದಿಂದ ವಿಧವೆಯಾಗಿ ಬಾಳುತ್ತಿರುವ ಸೊಸೆ ವೆಂಕುವಿಗೆ ಅವನು ಯಾರು? ಅವಳ ಮಗಳಿಗಿಂತಲೂ ಹೆಚ್ಚು ವಯಸ್ಸಾಗಿರದ ಹುಡುಗ ಅವನು. ಕಾದಂಬರಿ ಈ ಪ್ರಶ್ನೆಯನ್ನು ಪುನರ್ಜನ್ಮ ಮತ್ತು ಕರ್ಮದ ತತ್ತ್ವವಿಚಾರದ ದಾರಿಯಲ್ಲಿ ಕೊಂಡೊಯ್ಯುತ್ತದೆ. ಚಿತ್ರ ಅದನ್ನು ಮೂರು ಹೆಂಗಸರ ಕಡೆಯಿಂದ ನೋಡುತ್ತದೆ: ನಂಬುವ ಅತ್ತೆ, ನಂಬದ ಮಗಳು, ನಡುವೆ ನಿಂತ ವೆಂಕು. ವೆಂಕುವಾಗಿ ನಟಿಸಿದವರು ಪವಿತ್ರಾ ಲೋಕೇಶ್. ಅಯ್ಯುವಾಗಿ ನಟಿಸಿದ್ದರೆಂದು ಹೇಳಿದೆನಲ್ಲ, ಆ ಲೋಕೇಶರಿಗೂ ಇವರಿಗೂ ಸಂಬಂಧವಿಲ್ಲ. ಇವರ ತಂದೆ ಮೈಸೂರು ಲೋಕೇಶ್.

ಗೆಳೆಯರಿಗೆ ಚಿತ್ರ ಹಿಡಿಸಲಿಲ್ಲ. “ಮೂಲದ ತತ್ತ್ವವೇ ಹೋಯಿತಲ್ಲ ಮೇಷ್ಟ್ರೇ, ಉಳಿದದ್ದು ಬರೀ ಸಂಸಾರ” ಎಂದರು. ಅವರ ಮಾತಿನಲ್ಲಿ ಹುರುಳಿದೆ. ಕಾದಂಬರಿಕಾರನು ಪಾತ್ರದ ತಲೆಯೊಳಗೆ ಹೊಕ್ಕು ಹತ್ತು ಪುಟ ವಾದ ಮಾಡಿಸಬಲ್ಲ. ಕ್ಯಾಮೆರಾ ತಲೆಯೊಳಗೆ ಹೋಗಲಾರದು; ಮುಖದ ಹತ್ತಿರಕ್ಕೆ ಹೋಗಬಹುದು, ಅಷ್ಟೆ. ಆದ್ದರಿಂದ ವಾದ ಮಾಡುವವರು ಚಿತ್ರದಲ್ಲಿ ಸೊರಗುತ್ತಾರೆ, ಸುಮ್ಮನಿರುವವರು ಬೆಳೆಯುತ್ತಾರೆ. ಕಾದಂಬರಿಯಲ್ಲಿ ಕಡಿಮೆ ಮಾತನಾಡಿದ ವೆಂಕು ಚಿತ್ರದಲ್ಲಿ ಮಧ್ಯಕ್ಕೆ ಬಂದದ್ದು ನಿರ್ದೇಶಕರ ಆಯ್ಕೆಯೂ ಹೌದು, ಸಿನಿಮಾದ ಗುಣವೂ ಹೌದು ಎಂದು ನನಗೆ ತೋರುತ್ತದೆ. ಅವಳು ಪುನರ್ಜನ್ಮವನ್ನು ನಂಬಿದಳೋ, ಅಥವಾ ಬದುಕಲು ಒಂದು ಬಾಗಿಲು ತೆರೆಯಿತೆಂದು ನಂಬಿದಂತೆ ನಡೆದಳೋ ಎಂಬುದನ್ನು ಆ ಮುಖ ಬಿಟ್ಟುಕೊಡುವುದಿಲ್ಲ.

ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ. ನಮ್ಮ ಸೋದರತ್ತೆಯೊಬ್ಬರು ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವರು. ಐವತ್ತೆಂಟು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಳಿದರು. ಮನೆಯ ಶುಭಕಾರ್ಯಗಳಿಗೆ ಅಡುಗೆ ಅವರದೇ. ಪಂಕ್ತಿಯಲ್ಲಿ ಮಾತ್ರ ಅವರು ಕಾಣುತ್ತಿರಲಿಲ್ಲ. ವೆಂಕು ಬಿಳಿ ಸೀರೆ ಬಿಟ್ಟು ಬಣ್ಣದ ಸೀರೆ ಉಟ್ಟಾಗ ನನಗೆ ಕಂಡದ್ದು ಅತ್ತೆ. ಗೆಳೆಯರು ತತ್ತ್ವದ ಕುರ್ಚಿಯಲ್ಲಿ ಕೂತು ನೋಡಿದರು. ನಾನು ಆ ಕೋಣೆಯ ಹೊಸಿಲಲ್ಲಿ ಕೂತು ನೋಡಿದೆ. ಆದ್ದರಿಂದ ನಮ್ಮ ಅಭಿಪ್ರಾಯಗಳು ಕೂಡಲಿಲ್ಲ; ಕೂಡಬೇಕಾಗಿಯೂ ಇಲ್ಲ.

ನಾಲ್ಕನೆಯ ಊರು ಹಾಸನ. ಅಲ್ಲಿ ಮಗಳ ಮನೆ. 2025ರ ಜುಲೈ ಕೊನೆಯಲ್ಲಿ ಬಿಡುಗಡೆಯಾದ ‘ಸು ಫ್ರಮ್ ಸೋ’ ಚಿತ್ರಕ್ಕೆ ಮೊಮ್ಮಗ ನನ್ನನ್ನು ಎಳೆದುಕೊಂಡು ಹೋದ. ಜೆ. ಪಿ. ತುಮಿನಾಡ್ ಅವರು ಬರೆದು, ನಿರ್ದೇಶಿಸಿ, ನಟಿಸಿದ ಕರಾವಳಿಯ ಕಥೆ. ಒಂದು ಹಳ್ಳಿ, ಅಲ್ಲೊಬ್ಬ ಹುಡುಗ, ಅವನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆಯೆಂದು ಊರೇ ನಂಬುತ್ತದೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ದೊಡ್ಡ ತಾರೆಯರಿಲ್ಲ, ಹೊಡೆದಾಟವಿಲ್ಲ. ಊರಿನ ಜನ ಒಬ್ಬರ ಮಾತಿಗೆ ಒಬ್ಬರು ತಲೆದೂಗುತ್ತ ಸುಳ್ಳನ್ನು ನಿಜ ಮಾಡುವ ಬಗೆಯೇ ಅದರ ಹಾಸ್ಯ. ಕೊನೆಯ ಭಾಗದಲ್ಲಿ ಕಥೆ ಸುಲೋಚನಾಳ ಮಗಳ ಕಷ್ಟದ ಕಡೆ ಹೊರಳುತ್ತದೆ. ಅಲ್ಲಿ ನಗು ನಿಂತು ಎದೆ ಭಾರವಾಗುತ್ತದೆ.

ಮನೆಗೆ ಬಂದು ಮಗಳ ಮುಂದೆ ಚಿತ್ರವನ್ನು ಹೊಗಳಿದೆ. ಅವಳೂ ನೋಡಿದ್ದಳು. “ಚೆನ್ನಾಗಿದೆ ಅಪ್ಪ. ಆದರೆ ಒಂದು ಹೆಣ್ಣಿನ ಕಷ್ಟ ಊರಿನ ಕಿವಿಗೆ ಬೀಳಬೇಕಾದರೆ ಗಂಡಸಿನ ಮೈಮೇಲೆ ದೆವ್ವ ಬರಬೇಕಾಯಿತು, ನೋಡು” ಎಂದಳು. ಆಮೇಲೆ, “ದೆವ್ವದ ಸಹಾಯವಿಲ್ಲದೆ ಕೇಳಿದವಳ ಕಥೆ ನಮ್ಮ ಹಾಸನದಲ್ಲೇ ಇದೆ” ಎಂದು ರಾತ್ರಿ ಊಟವಾದ ಮೇಲೆ ‘ಹಸೀನಾ’ ಹಾಕಿದಳು.

‘ಹಸೀನಾ’ 2004ರ ಚಿತ್ರ. ಇದರ ನಿರ್ದೇಶಕರೂ ಗಿರೀಶ ಕಾಸರವಳ್ಳಿಯವರೇ. ಮೂಲ ಕಥೆ ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಅವರು ಪತ್ರಕರ್ತೆಯಾಗಿ, ವಕೀಲರಾಗಿ ಕೆಲಸ ಮಾಡಿದವರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ‘ಕರಿ ನಾಗರಗಳು’ ಕಥೆಯೂ ಆ ಹನ್ನೆರಡರಲ್ಲಿ ಒಂದು. ಚಿತ್ರಕ್ಕೆ ಕುಟುಂಬ ಕಲ್ಯಾಣ ಕುರಿತ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತ್ತು. ಹಸೀನಾಳಾಗಿ ನಟಿಸಿದ ತಾರಾ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂದಿತ್ತು.

ಹೆಣ್ಣುಮಕ್ಕಳೇ ಹುಟ್ಟಿದವೆಂದು ಗಂಡ ಹಸೀನಾಳನ್ನು ಬಿಟ್ಟುಹೋಗುತ್ತಾನೆ. ಅವನು ಆಟೋ ಓಡಿಸುವವನು. ಒಂದು ಮಗುವಿಗೆ ಚಿಕಿತ್ಸೆ ಆಗಬೇಕು, ಕೈಯಲ್ಲಿ ದುಡ್ಡಿಲ್ಲ. ಅವಳು ದಾನ ಕೇಳುವುದಿಲ್ಲ, ನ್ಯಾಯ ಕೇಳುತ್ತಾಳೆ. ಮಸೀದಿಯ ಮುತವಲ್ಲಿಗೆ ಅರ್ಜಿ ಕೊಡುತ್ತಾಳೆ. ಅರ್ಜಿಗೆ ಉತ್ತರ ಬರುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಕೂರುತ್ತಾಳೆ. ಚಿತ್ರದಲ್ಲಿ ದೊಡ್ಡ ಭಾಷಣಗಳಿಲ್ಲ. ತಾರ ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗು ಕಾಣುತ್ತದೆ. ಇಷ್ಟು ಸರಳವಾದ ಮಾತು ಇವರಿಗೇಕೆ ಕೇಳಿಸುತ್ತಿಲ್ಲ ಎಂಬ ಬೆರಗು.

ಚಿತ್ರ ನೋಡುವಾಗ ಮೊದಮೊದಲು, ಇದು ಬೇರೊಂದು ಸಮುದಾಯದ ಸಂಗತಿ ಎಂದುಕೊಂಡು ನಿಶ್ಚಿಂತೆಯಿಂದ ಕೂತಿದ್ದೆ. ಮುತವಲ್ಲಿಯ ಮೇಲೆ ಸಿಟ್ಟು ಬರುತ್ತಿತ್ತು. ಮಗಳು ತನ್ನ ಪಾಡಿಗೆ ತಾನು, “ಇಂಥವರು ಎಲ್ಲ ಊರಿನ ಕಟ್ಟೆ ಮೇಲೂ ಇರ್ತಾರೆ” ಎಂದಳು. ಅವಳು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಲ್ಲ. ನನಗೆ ಮಾತ್ರ ಒಂದು ಅರಳಿಕಟ್ಟೆ ಕಣ್ಣಮುಂದೆ ಬಂತು.

1998ರಲ್ಲಿ ನಾನು ಪಾಠ ಹೇಳುತ್ತಿದ್ದ ಹಳ್ಳಿಯಲ್ಲಿ ಹೆಂಗಸೊಬ್ಬಳನ್ನು ಗಂಡ ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಅವಳಿಗೆ ಎರಡು ಹೆಣ್ಣುಮಕ್ಕಳು. ದೊಡ್ಡವಳು ನನ್ನ ಏಳನೆಯ ತರಗತಿಯಲ್ಲಿದ್ದಳು, ಭಿನ್ನರಾಶಿಯಲ್ಲಿ ಜಾಣೆ. ಪಂಚಾಯಿತಿ ಸೇರಿತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಒಪ್ಪಂದದ ಕಾಗದ ಬರೆಯಲು ನನ್ನನ್ನು ಕರೆದರು. ವರ್ಷಕ್ಕೆ ನಾಲ್ಕು ಮೂಟೆ ರಾಗಿ ಕೊಡತಕ್ಕದ್ದು. ಇನ್ನು ಮುಂದೆ ಅವಳು ಯಾವ ತಕರಾರೂ ಮಾಡತಕ್ಕದ್ದಲ್ಲ. ಹೀಗೆಂದು ನಾನೇ ನೀಲಿ ಶಾಯಿಯಲ್ಲಿ ಅಂದವಾಗಿ ಬರೆದೆ. ಅವಳು ಹೆಬ್ಬೆಟ್ಟು ಒತ್ತುವ ಮೊದಲು ನನ್ನ ಕಡೆ ತಿರುಗಿ, “ಇದರಾಗೆ ಹೆಣ್ಣೈಕಳ ಓದಿಗೆ ಏನೂ ಬರೆದಿಲ್ವಾ ಸಾಮಿ?” ಎಂದು ಕೇಳಿದಳು. ನಾನು, “ಹೊಂದಿಕೊಂಡು ಹೋಗಮ್ಮ, ಮುಂದೆ ನೋಡೋಣ” ಎಂದೆ. ಮೊದಲ ವರ್ಷ ರಾಗಿ ಬಂತು. ಎರಡನೆಯ ವರ್ಷ ಬರಲಿಲ್ಲ. ಹುಡುಗಿ ಶಾಲೆ ಬಿಟ್ಟಳು. ಆಮೇಲೆ ತಾಯಿ ಮಕ್ಕಳು ಊರನ್ನೇ ಬಿಟ್ಟರು.

ಆಗ ನನಗೆ ಕಾನೂನು ಗೊತ್ತಿರಲಿಲ್ಲವೆ? ಅಷ್ಟಿಷ್ಟು ಗೊತ್ತಿತ್ತು. ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳಲು ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಆಗಲೂ ಇತ್ತು. ತಿಂಗಳಿಗೆ ಐನೂರು ರೂಪಾಯಿಯ ಮಿತಿಯಿತ್ತು. ಆ ಮಿತಿಯನ್ನು 2001ರಲ್ಲಿ ತೆಗೆದುಹಾಕಿದರು. 2024ರ ಜುಲೈಯಿಂದ ಅದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಹೆಣ್ಣುಮಕ್ಕಳಿಗೆ ಆದಾಯವೆಷ್ಟೇ ಇದ್ದರೂ ವಕೀಲರ ನೆರವನ್ನು ಉಚಿತವಾಗಿ ಕೊಡಬೇಕೆಂಬ ಕಾನೂನು 1995ರಿಂದಲೇ ಜಾರಿಯಲ್ಲಿತ್ತು. ಇದನ್ನು ಅವಳಿಗೆ ಹೇಳಲು ಎರಡು ನಿಮಿಷ ಸಾಕಿತ್ತು. ಊರಿನ ಹಿರಿಯರ ಎದುರಿಗೆ ಆ ಎರಡು ನಿಮಿಷ ನನಗೆ ಸಿಗಲಿಲ್ಲ ಎನ್ನುವುದಕ್ಕಿಂತ, ನಾನು ಹುಡುಕಲಿಲ್ಲ ಎನ್ನುವುದು ಸರಿ. ಕಟ್ಟೆಯ ಮೇಲೆ ಕೂತವನಿಗೆ ಕೆಳಗೆ ನಿಂತವಳ ಕಣ್ಣು ಕಾಣುವುದಿಲ್ಲ, ನೆತ್ತಿ ಮಾತ್ರ ಕಾಣುತ್ತದೆ.

‘ಹಸೀನಾ’ ಮುಗಿದಾಗ ಹೇಗಿತ್ತು ಅಪ್ಪ ಎಂದು ಮಗಳು ಕೇಳಿದಳು. ಕೆಲವು ದೃಶ್ಯಗಳನ್ನು ಸ್ವಲ್ಪ ಎಳೆದರು ಎಂದೆ. ಆ ರಾತ್ರಿ ನಾನು ಕೊಟ್ಟ ಅಭಿಪ್ರಾಯ ಅಷ್ಟೇ. ಮಾರನೆಯ ದಿನ ಕಾಫಿ ಕುಡಿಯುವಾಗ ಕಾಗದದ ಕಥೆಯನ್ನೆಲ್ಲ ಹೇಳಿದೆ. ಅವಳು ನನ್ನನ್ನು ಸಮಾಧಾನಪಡಿಸಲಿಲ್ಲ, ಬೈಯಲೂ ಇಲ್ಲ. “ಆ ಹುಡುಗಿ ಹೆಸರು ನೆನಪಿದೆಯಾ?” ಎಂದು ಮಾತ್ರ ಕೇಳಿದಳು. ನೆನಪಿತ್ತು.

ಮಿತ್ರರೆ, ಚಿತ್ರಗಳ ಬಗ್ಗೆ ಹೇಳುತ್ತೇನೆಂದು ಹೊರಟವನು ನನ್ನ ಬಗ್ಗೆಯೇ ಹೇಳಿದಂತಾಯಿತು. ಆದರೆ ಸಾಮಾನ್ಯ ಪ್ರೇಕ್ಷಕನ ಅಭಿಪ್ರಾಯವೆಂಬುದು ಹೀಗೆಯೇ ಹುಟ್ಟುವುದು. ಪರದೆಯ ಮೇಲೆ ನಡೆಯುವುದು ಅರ್ಧ, ನೋಡುವವನ ಬೆನ್ನ ಹಿಂದೆ ನಡೆದದ್ದು ಅರ್ಧ. ಎರಡೂ ಕೂಡಿದಾಗ ಚಿತ್ರ ಪೂರ್ತಿಯಾಗುತ್ತದೆ. ಆದ್ದರಿಂದ ಚಿತ್ರ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ಎಲ್ಲಿ ಕೂತು ನೋಡಿದರೆಂದು ಒಮ್ಮೆ ವಿಚಾರಿಸಿ. ಹೇಳುವವರೂ ಅದನ್ನು ಮರೆಮಾಚಬಾರದು. ಹಾಗೆ ಹೇಳಿದ ಅಭಿಪ್ರಾಯಕ್ಕೆ, ವಿಮರ್ಶೆಯ ಬೆಲೆ ಅಲ್ಲದಿದ್ದರೂ, ಸಾಕ್ಷಿಯ ಬೆಲೆ ಇದೆ. ಸಿನಿಮಾ ಮನುಷ್ಯನನ್ನು ತಿದ್ದುತ್ತದೆಯೇ ಎಂದು ಕೇಳುವವರಿದ್ದಾರೆ. ನಮ್ಮಪ್ಪ ರಾಜಿ ಮಾಡಿಕೊಳ್ಳಲಿಲ್ಲವೆಂಬುದನ್ನು ಆಗಲೇ ಹೇಳಿದ್ದೇನೆ. ಮರೆತದ್ದನ್ನು ಅದು ನೆನಪಿಗೆ ತರುತ್ತದೆ ಎನ್ನುವುದನ್ನು ಮಾತ್ರ ನನ್ನ ಅನುಭವದಿಂದ ಹೇಳಬಲ್ಲೆ.

ಆ ತಾಯಿ ಮಕ್ಕಳು ಈಗ ಎಲ್ಲಿದ್ದಾರೆಂದು ಹಳೆಯ ಊರಿನಲ್ಲಿ ವಿಚಾರಿಸಿದೆ. ಬೆಂಗಳೂರಿನ ಕಡೆ ಹೋದರೆಂದು ಒಬ್ಬರು ಹೇಳಿದರು. ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಈಗಲೂ ಆಗೊಮ್ಮೆ ಈಗೊಮ್ಮೆ ಯಾರಾದರೂ, ಮೇಷ್ಟ್ರೇ ಒಂದು ಒಪ್ಪಂದದ ಕಾಗದ ಬರೆದುಕೊಡಿ ಎಂದು ಮನೆಗೆ ಬರುತ್ತಾರೆ. ನಾನು ಬರೆಯುವುದಿಲ್ಲ. ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಅಲ್ಲಿ ದುಡ್ಡು ಕೇಳುವುದಿಲ್ಲ ಎಂದು ಹೇಳುತ್ತೇನೆ. ದಾರಿ ಗೊತ್ತಿಲ್ಲದವರಾದರೆ ಚಪ್ಪಲಿ ಮೆಟ್ಟಿ ಜೊತೆಯಲ್ಲೇ ಹೊರಡುತ್ತೇನೆ.